ಅಂಗಡಿ ಹಿತ್ತಲಿನಾಚೆಯೇ ಇದೆ, ದಾರಿ ಇಲ್ಲ

ಶಿಕಾಗೋ ಪಕ್ಕದ ನೇಪರ್‌ವಿಲ್‌ನಲ್ಲಿ ಕೆಲಸ, ಪತ್ನಿಗೆ ಕಾರು ಓಡಿಸಲು ಬರುವುದಿಲ್ಲ, ಬೇಸಿಗೆಗೆ ಅಮ್ಮ ಬರುತ್ತಾರೆ. ನೋಡಿಟ್ಟ ಮನೆಯ ಹಿಂದೆಯೇ ದಿನಸಿ ಅಂಗಡಿ ಇರುವುದರಿಂದ ಒಂದೇ ಕಾರು ಸಾಕೇ ಎಂದು ಕೇಳಿದ್ದೀರಿ. ಆ ಮನೆಯಲ್ಲಾದರೆ ಸಾಲದು. ಅದೇ ಊರಿನ ಇನ್ನೊಂದು ಭಾಗದಲ್ಲಾದರೆ ಸಾಕಾಗಬಹುದು.

ಜಯನಗರದವರಾದ ನಿಮಗೆ ಮೇನ್, ಕ್ರಾಸ್‌ಗಳ ಲೆಕ್ಕ ಹೇಳಿಕೊಡಬೇಕಾಗಿಲ್ಲ. ಶಿಕಾಗೋ ನಗರವೂ ಹಾಗೆಯೇ: ಸ್ಟೇಟ್ ಮತ್ತು ಮ್ಯಾಡಿಸನ್ ಬೀದಿಗಳು ಕೂಡುವಲ್ಲಿ ಸೊನ್ನೆ, ಅಲ್ಲಿಂದ ಸಾಮಾನ್ಯವಾಗಿ 800 ಮನೆಸಂಖ್ಯೆಗೆ ಒಂದು ಮೈಲಿ. ಒಂದು ಬೀದಿ ಮುಚ್ಚಿದರೆ ಪಕ್ಕದ್ದು ಇದ್ದೇ ಇದೆ.

ನೇಪರ್‌ವಿಲ್ ಬಹುಪಾಲು ಹಾಗಲ್ಲ. 1960ರಲ್ಲಿ ಅದು ಸುಮಾರು 13 ಸಾವಿರ ಜನರ ಊರು. 2020ರ ಗಣತಿಗೆ ಒಂದೂವರೆ ಲಕ್ಷದ ಹತ್ತಿರ. ಬೆಳೆದದ್ದು ಬಹುಪಾಲು ಹೊಲಗಳ ಮೇಲೆ. ಬಿಲ್ಡರ್‌ಗಳು ತಮ್ಮ ತಮ್ಮ ಜಾಗದೊಳಗೆ ಸುತ್ತಿ ಬಳಸಿ ಹೋಗುವ ಬೀದಿ, ಮುಂದೆ ದಾರಿಯಿಲ್ಲದ ಬೀದಿಗಳನ್ನು ಹಾಕಿ, ದೊಡ್ಡ ರಸ್ತೆಗೆ ಒಂದೋ ಎರಡೋ ಬಾಯಿ ಬಿಟ್ಟರು. ಪಕ್ಕದ ಬಡಾವಣೆಯ ಗೊಡವೆ ಅವರಿಗೇಕೆ? ತಪ್ಪೆಲ್ಲ ಅವರದೇ ಎನ್ನಲಾಗದು. ಗೃಹಸಾಲಗಳಿಗೆ ಖಾತರಿ ನಿಲ್ಲುವ ಅಮೆರಿಕದ ಸರ್ಕಾರಿ ಸಂಸ್ಥೆಯೇ 1930ರ ದಶಕದಲ್ಲಿ ಇಂಥ ವಿನ್ಯಾಸವನ್ನು ಶಿಫಾರಸು ಮಾಡಿತ್ತು. ಹಾದುಹೋಗುವ ವಾಹನಗಳಿಲ್ಲದೆ ಮಕ್ಕಳು ಬೀದಿಯಲ್ಲೇ ಸೈಕಲ್ ಕಲಿಯುತ್ತಾರೆ, ಆ ಸುಖವೂ ಸುಳ್ಳಲ್ಲ. (ನಾನು ಇಂಥದ್ದರಲ್ಲೇ ಇದ್ದೇನೆ, ನಮ್ಮ ಮನೆಯಲ್ಲಿ ಎರಡು ಕಾರುಗಳಿವೆ.)

ನೀವು ಕಳುಹಿಸಿದ ವಿಳಾಸವನ್ನು ನಕ್ಷೆಯಲ್ಲಿ ನೋಡಿದೆ. ಹಿತ್ತಲಿಗೆ ಬೇಲಿ, ಬೇಲಿಯಾಚೆ ಮಳೆನೀರು ನಿಲ್ಲಿಸುವ ಕೊಳ, ಕೊಳದಾಚೆ ಅಂಗಡಿಯ ಹಿಂಗೋಡೆ. ಕಾಗೆಗೆ ಅರ್ಧ ನಿಮಿಷದ ಹಾದಿ. ನಿಮ್ಮ ಅಮ್ಮ ಮಾತ್ರ ಬಡಾವಣೆಯನ್ನು ಸುತ್ತಿ ಹೊರಬಂದು, ವಾಹನಗಳು ರಭಸದಿಂದ ನುಗ್ಗುವ ರಸ್ತೆಯ ಅಂಚಿನಲ್ಲಿ ನಡೆದು, ಸಿಗ್ನಲ್ ದಾಟಿ, ಪಾರ್ಕಿಂಗ್ ಬಯಲನ್ನು ಹಾಯಬೇಕು. ಒಂದು ಕಟ್ಟು ಕೊತ್ತಂಬರಿ ಸೊಪ್ಪಿಗಾಗಿ ಇಷ್ಟು ಪಾಡು ಯಾರು ಪಡುತ್ತಾರೆ?

ಅಮೆರಿಕದ ಒಂದು ಶತಮಾನದ ಬೀದಿಗಳನ್ನು ಅಳೆದು 2015ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಒಂದಕ್ಕೊಂದು ಕೂಡದ ಬೀದಿ ಹಾಕುವ ಚಾಳಿ 1994ರ ಸುಮಾರಿಗೆ ತುತ್ತತುದಿ ಮುಟ್ಟಿ ಆಮೇಲೆ ಇಳಿದಿದೆ. ಸಂತೋಷ. ಆದರೆ ಆಗಲೇ ಹಾಕಿದ ಬೀದಿಗಳು ಹಾಗೆಯೇ ಉಳಿದಿವೆ. ದಾರಿಗೆಂದು ತಮ್ಮ ಹಿತ್ತಲು ಬಿಟ್ಟುಕೊಡುವವರು ಸಿಗುವುದು ಕಷ್ಟ.

ರೈಲು ನಿಲ್ದಾಣ ಮತ್ತು ಹಳೆಯ ಪೇಟೆಯ ನಡುವೆ ಮನೆ ಹುಡುಕಿ. ಅಲ್ಲಿ ಬೀದಿಗಳು ಚೌಕ ಚೌಕ, ಗ್ರಂಥಾಲಯಕ್ಕೂ ನದಿದಂಡೆಗೂ ಅಮ್ಮ ತಾವೇ ನಡೆದು ಹೋಗಬಲ್ಲರು. ಮನೆ ಹಳೆಯದು, ಬಾಡಿಗೆ ಹೆಚ್ಚು. ಎರಡನೆಯ ಕಾರಿನ ಕಂತು, ವಿಮೆಗಳನ್ನು ಪಕ್ಕದಲ್ಲಿಟ್ಟು ಕೂಡಿ ನೋಡಿ. ಎಲ್ಲಿಯೇ ಆಗಲಿ, ಕರಾರಿಗೆ ಸಹಿ ಹಾಕುವ ಮೊದಲು ಮೊಬೈಲ್ ನಕ್ಷೆಯಲ್ಲಿ ಕಾರಿನ ಗುರುತು ಬಿಟ್ಟು ನಡಿಗೆಯ ಗುರುತನ್ನು ಒತ್ತಿ, ಅಂಗಡಿಗೆ ದಾರಿ ಕೇಳಿ.