ವಾಚು ಪ್ರಶ್ನೋತ್ತರ: ಮುನ್ನೂರು ಮೀಟರಿನ ವಾಚಿನೊಳಗೆ ಮಂಜು ಕಟ್ಟಿದಾಗ

ಪ್ರಶ್ನೆ: 2008ರಲ್ಲಿ ನಮ್ಮಣ್ಣ ದುಬೈಯಿಂದ ಬರುವಾಗ ನನಗೊಂದು ರೋಲೆಕ್ಸ್ ಸಬ್‌ಮರೀನರ್ ತಂದುಕೊಟ್ಟರು. ತಾರೀಖು ತೋರಿಸುವ, ಕಪ್ಪು ಅಲ್ಯೂಮಿನಿಯಂ ಬೆಜಲ್ (ಗಾಜಿನ ಸುತ್ತಲಿನ ತಿರುಗುವ ಉಂಗುರ) ಇರುವ ಮಾದರಿ. ಅಂದಿನಿಂದ ಅದನ್ನು ಕೈಯಿಂದ ಇಳಿಸಿದ್ದೇ ಕಡಿಮೆ. ಒಮ್ಮೆಯೂ ಸರ್ವಿಸ್ ಮಾಡಿಸಿಲ್ಲ. ಈ ಮಳೆಗಾಲದಲ್ಲಿ ಒಂದು ಸಂಜೆ ಎಪಿಎಂಸಿ ಯಾರ್ಡಿನಿಂದ ಮನೆಗೆ ನೆನೆದುಕೊಂಡು ಬಂದೆ. ಆ ರಾತ್ರಿ ಗಾಜಿನ ಒಳಬದಿಯಲ್ಲಿ ತೆಳ್ಳಗೆ ಮಂಜು ಕಟ್ಟಿತ್ತು, ಬೆಳಿಗ್ಗೆ ನೋಡಿದರೆ ಇರಲಿಲ್ಲ. ಈಚೆಗೆ ದಿನಕ್ಕೆ ಅರ್ಧ ನಿಮಿಷದಷ್ಟು ಹಿಂದೆಯೂ ಬೀಳುತ್ತಿದೆ. ಇಲ್ಲಿನ ರಿಪೇರಿಯವರೊಬ್ಬರು ಕೀ ಎಳೆದು ಬಿಸಿಲಿಗೆ ಇಡಲು ಹೇಳಿದ್ದಾರೆ. ಡಯಲ್ ಮೇಲೆಯೇ 300 ಮೀಟರ್ ಎಂದು ಬರೆದಿರುವ ವಾಚಿಗೆ ಮಳೆಯಿಂದ ಹೀಗಾಗುವುದುಂಟೇ? ಮಗನ ಮದುವೆಯಲ್ಲಿ ಇದನ್ನು ಪಾಲಿಶ್ ಮಾಡಿಸಿ ಅವನಿಗೆ ಕೊಡಬೇಕೆಂದಿದ್ದೇನೆ.
— ಮೆಕ್ಕೆಜೋಳದ ವ್ಯಾಪಾರಿ, ದಾವಣಗೆರೆ

ಉತ್ತರ: ದಯವಿಟ್ಟು ವಾಚನ್ನು ಬಿಸಿಲಿಗೆ ಇಡಬೇಡಿ, ಕೀಯನ್ನೂ ಎಳೆಯಬೇಡಿ. ಬೆಳಿಗ್ಗೆ ಕಾಣದಾದ ಮಂಜು ಹೊರಗೆ ಹೋಗಿಲ್ಲ. ವಾಚು ಬೆಚ್ಚಗಾದಾಗ ಒಳಗಿನ ತೇವ ಆವಿಯಾಗಿ ಗಾಜಿನಿಂದ ಮರೆಯಾಗುತ್ತದೆ, ತಣ್ಣಗಾದಾಗ ಮತ್ತೆ ಎಲ್ಲಾದರೂ ಕೂರುತ್ತದೆ. ಅದು ಕೂರುವ ಜಾಗಗಳಲ್ಲಿ ಗಾಜಿನ ಜೊತೆಗೆ ಉಕ್ಕಿನ ಸಣ್ಣ ಸ್ಕ್ರೂಗಳು, ಕೀಯ ಕಡ್ಡಿ ಮತ್ತು ಅದರ ಪಕ್ಕದ ಸ್ಪ್ರಿಂಗುಗಳೂ ಸೇರಿವೆ. ತುಕ್ಕು ಮೊದಲು ಹಿಡಿಯುವುದು ಅಲ್ಲಿಯೇ. ಬಿಸಿಲಿಗಿಟ್ಟರೆ ಈ ಆವಿ ಇನ್ನಷ್ಟು ಒಳಮೂಲೆಗಳನ್ನು ತಲುಪುತ್ತದೆ.

ಅನುಮಾನ ಉಳಿದಿದ್ದರೆ ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ವಾಚು ಕೈಮೇಲಿದ್ದು ಚೆನ್ನಾಗಿ ಬೆಚ್ಚಗಾದ ಮೇಲೆ ಗಾಜಿನ ನಡುವೆ ಒಂದು ಹನಿ ತಣ್ಣೀರು ಬಿಟ್ಟು, ಒಂದು ನಿಮಿಷದ ನಂತರ ಒರೆಸಿ ನೋಡಿ. ಹನಿ ಇದ್ದ ಜಾಗದಲ್ಲಿ ಒಳಗಿನಿಂದ ಮಂಜು ಕಂಡರೆ ತೇವ ಇರುವುದು ಖಚಿತ. ಮಂಜು ಕಾಣದಿದ್ದರೂ ನಿಮ್ಮ ವಾಚನ್ನು ಬಿಚ್ಚಿಸಲೇಬೇಕು, ಏಕೆಂದರೆ ನೀವು ಒಮ್ಮೆ ಕಣ್ಣಾರೆ ಕಂಡಿದ್ದೀರಿ. ಆ ಕೆಲಸವನ್ನು ವಾರಗಟ್ಟಲೆ ಮುಂದೂಡಬೇಡಿ, ಅಲ್ಲಿಯವರೆಗೆ ಸ್ನಾನಕ್ಕೂ ಮಳೆಗೂ ಅದನ್ನು ಹಾಕಿಕೊಳ್ಳಬೇಡಿ.

ಇನ್ನು 300 ಮೀಟರಿನ ಮಾತು. ಡೈವಿಂಗ್ ವಾಚುಗಳಿಗೆ ಐಎಸ್‌ಒ 6425 ಎಂಬ ಅಂತರರಾಷ್ಟ್ರೀಯ ಮಾನದಂಡವಿದ್ದು, ಅದರ ಪ್ರಕಾರ ಡಯಲ್ ಮೇಲೆ ಬರೆದ ಆಳಕ್ಕಿಂತ ಶೇ 25ರಷ್ಟು ಹೆಚ್ಚಿನ ಒತ್ತಡದಲ್ಲಿ ಪರೀಕ್ಷೆ ನಡೆಯಬೇಕು. 300 ಮೀಟರಿನ ವಾಚೆಂದರೆ 375 ಮೀಟರ್ ಆಳದ ಒತ್ತಡವನ್ನು ತಾಳಿದ ವಾಚು. ಆದರೆ ಹಾಗೆ ತಾಳಿದ್ದು ಹೊಸ ವಾಷರ್‌ಗಳಿದ್ದಾಗ, ಕಾರ್ಖಾನೆಯಲ್ಲಿ. ನಿಮ್ಮ ಕೀಯ ಮೇಲಿರುವ ಕಿರೀಟದ ಗುರುತಿನ ಕೆಳಗೆ ಮೂರು ಚುಕ್ಕೆಗಳಿವೆ, ಭೂತಗನ್ನಡಿಯಲ್ಲಿ ನೋಡಿ. 1970ರಲ್ಲಿ ಆ ಕಂಪನಿ ತಂದ ಟ್ರಿಪ್‌ಲಾಕ್ ಕೀಯ ಗುರುತು ಅದು. ಈ ವ್ಯವಸ್ಥೆ ಎಷ್ಟೇ ಗಟ್ಟಿಯಾಗಿದ್ದರೂ ಅದರೊಳಗೆ ನೀರು ತಡೆಯುವುದು ರಬ್ಬರಿನಂಥ ಮೆತ್ತನೆಯ ಉಂಗುರಗಳೇ. ಬೆವರು, ಸೋಪು, ಬಿಸಿನೀರಿನ ಹಬೆ, ಏಪ್ರಿಲ್ ಬಿಸಿಲಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡು ಇವೆಲ್ಲ ಸೇರಿ ಆ ಉಂಗುರಗಳನ್ನು ಒಣಗಿಸಿ, ಚಪ್ಪಟೆ ಮಾಡಿ, ಬಿರುಸಾಗಿಸುತ್ತವೆ. ಯಾರ್ಡಿನ ದೂಳು ಕೀಯ ತಿರುಪಿನಲ್ಲಿ ಸೇರಿಕೊಂಡರೆ ತಿರುಗಿಸಿದಾಗಲೆಲ್ಲ ಲೋಹ ಸವೆಯುತ್ತದೆ. ಇಷ್ಟು ವರ್ಷ ಬದಲಾಗದ ವಾಷರ್ ಇದ್ದಲ್ಲಿ ಮಳೆನೀರು ಒಳಬರಲು ಸಮುದ್ರದ ಒತ್ತಡ ಬೇಕಾಗಿಲ್ಲ.

ಹಿಂದೆ ಬೀಳುವುದಕ್ಕೆ ಕಾರಣ ಬಹುಮಟ್ಟಿಗೆ ಒಣಗಿದ ಎಣ್ಣೆ. ನಿಮ್ಮ ಮಾದರಿಯಲ್ಲಿರುವ 3135 ಎಂಬ ಯಂತ್ರದ ಬ್ಯಾಲೆನ್ಸ್ ಚಕ್ರವು (ಅತ್ತಿತ್ತ ಓಲಾಡಿ ಸಮಯ ಅಳೆಯುವ ಚಕ್ರ) ಗಂಟೆಗೆ 28,800 ಬಾರಿ, ಅಂದರೆ ಸೆಕೆಂಡಿಗೆ 8 ಬಾರಿ ಓಲಾಡುತ್ತದೆ. ವರ್ಷಕ್ಕೆ ಸುಮಾರು 25 ಕೋಟಿ ಸಲವಾಯಿತು. ಎಣ್ಣೆ ದಪ್ಪಗಾದಂತೆ ಅಥವಾ ಆರಿದಂತೆ ಚಕ್ರದ ಓಲಾಟ ಕುಗ್ಗುತ್ತದೆ, ಹಲ್ಲುಗಳ ತುದಿ ಮತ್ತು ಅಚ್ಚುಗಳು ಸವೆಯುತ್ತವೆ. ವಾಚುಗಳ ನಿಖರತೆ ಪರೀಕ್ಷಿಸುವ ಸ್ವಿಟ್ಜರ್ಲೆಂಡಿನ ಕಾಸ್ಕ್ ಸಂಸ್ಥೆ ಕ್ರೋನೋಮೀಟರ್ (ಅತಿ ನಿಖರ ವಾಚು) ಎಂದು ಪ್ರಮಾಣೀಕರಿಸುವ ಯಂತ್ರ ದಿನಕ್ಕೆ ಸರಾಸರಿ 4 ಸೆಕೆಂಡ್ ಹಿಂದೆ ಅಥವಾ 6 ಸೆಕೆಂಡ್ ಮುಂದೆ ಎಂಬ ಮಿತಿಯೊಳಗಿರಬೇಕು. ಅರ್ಧ ನಿಮಿಷವೆಂದರೆ ತೀರ ಹೆಚ್ಚಾಯಿತು. ಕಂಪನಿಯೇ ಹೇಳುವ ಸರ್ವಿಸ್ ಅವಧಿ ಸುಮಾರು 10 ವರ್ಷ. ವಾಷರ್‌ಗಳಿಗೆ ಅಷ್ಟು ವರ್ಷ ಕಾಯಬಾರದೆಂಬುದು ನನ್ನ ಖಚಿತ ಅಭಿಪ್ರಾಯ. ಈಜುವವರು ವರ್ಷಕ್ಕೊಮ್ಮೆ, ಉಳಿದವರು ಎರಡು ಮೂರು ವರ್ಷಕ್ಕೊಮ್ಮೆ ಒತ್ತಡದ ಪರೀಕ್ಷೆ ಮಾಡಿಸಬೇಕು. ಅದಕ್ಕೆ ತಗಲುವ ಹಣ ಪೂರ್ಣ ಸರ್ವಿಸಿನ ಒಂದು ಸಣ್ಣ ಪಾಲು ಮಾತ್ರ.

ನಿಮ್ಮ ಊರಿನ ರಿಪೇರಿಯವರ ಕೈಚಳಕವನ್ನು ನಾನು ಕಡೆಗಣಿಸುತ್ತಿಲ್ಲ. 1961ರಲ್ಲಿ ಜಪಾನಿನ ಸಿಟಿಜನ್ ಸಹಯೋಗದಿಂದ ಬೆಂಗಳೂರಿನಲ್ಲಿ ಎಚ್‌ಎಂಟಿ ವಾಚು ತಯಾರಾಗತೊಡಗಿದ ಮೇಲೆ, ಅದನ್ನು ಬಿಚ್ಚಿ ಜೋಡಿಸುತ್ತಲೇ ಕೆಲಸ ಕಲಿತ ಒಂದು ತಲೆಮಾರು ನಮ್ಮ ಜಿಲ್ಲಾ ಪಟ್ಟಣಗಳಲ್ಲಿದೆ, ಅವರ ಬಗ್ಗೆ ನನಗೆ ಗೌರವವಿದೆ. ಆದರೆ ಈ ವಾಚಿನ ಹಿಂಬದಿಯ ಮುಚ್ಚಳದ ಅಂಚಿಗೆ ಸುತ್ತಲೂ ಸಣ್ಣ ಗೀರುಹಲ್ಲುಗಳಿದ್ದು, ಅವಕ್ಕೆ ಸರಿಯಾಗಿ ಕೂರುವ ಬೇರೆಯದೇ ಸಾಧನ ಬೇಕು. ಇಕ್ಕಳದಿಂದ ತೆಗೆಯಲು ಹೋದರೆ ಜಾರಿ ಉಕ್ಕು ಗಾಯವಾಗುತ್ತದೆ. ಒತ್ತಡ ಪರೀಕ್ಷಿಸುವ ಯಂತ್ರವಿಲ್ಲದೆ ಮುಚ್ಚಳ ಹಾಕಿದರೆ ಸೀಲು ಸರಿಯಾಗಿ ಕೂತಿತೋ ಇಲ್ಲವೋ ಯಾರಿಗೂ ತಿಳಿಯುವುದಿಲ್ಲ. ಆದ್ದರಿಂದ ಬೆಂಗಳೂರಿನ ಅಧಿಕೃತ ಮಾರಾಟಗಾರರ ಮೂಲಕ ಕಳಿಸುವುದೇ ಮೇಲು. ಖರ್ಚು ಹತ್ತಾರು ಸಾವಿರ ರೂಪಾಯಿ ಆಗುತ್ತದೆ, ವಾರಗಳೇ ಹಿಡಿಯುತ್ತವೆ, ಅದಕ್ಕೆ 2 ವರ್ಷದ ಖಾತರಿಯೂ ಸಿಗುತ್ತದೆ. ಮದುವೆಯ ದಿನಾಂಕ ನೋಡಿಕೊಂಡು ಈಗಲೇ ಕಳಿಸಿ.

ಪಾಲಿಶ್ ಮಾತ್ರ ಬೇಡವೆಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ಪಾಲಿಶ್ ಎಂದರೆ ಉಕ್ಕಿನ ಮೇಲ್ಪದರವನ್ನು ಉಜ್ಜಿ ತೆಗೆಯುವುದು. ತೆಗೆದದ್ದು ಮತ್ತೆ ಬರುವುದಿಲ್ಲ. ಈ ಕೇಸಿನ ಮೇಲ್ಮೈಯಲ್ಲಿ ಗೆರೆಗೆರೆಯಾದ ಮಾಸಲು ಕೆಲಸವಿದೆ, ಪಕ್ಕಗಳಲ್ಲಿ ಹೊಳಪಿದೆ. ಇವೆರಡೂ ಕೂಡುವ ಅಂಚು ಚೂಪಾಗಿರಬೇಕು. ಒಂದೆರಡು ಸಲ ಪಾಲಿಶ್ ಆದ ವಾಚಿನಲ್ಲಿ ಆ ಅಂಚು ಬಳಸಿದ ಸಾಬೂನಿನಂತೆ ದುಂಡಗಾಗಿರುತ್ತದೆ, ಬಲ್ಲವರ ಕಣ್ಣಿಗೆ ಅದು ಮೊದಲ ನೋಟದಲ್ಲೇ ಬೀಳುತ್ತದೆ. ಮಾಸಿದ ಬೆಜಲ್ ಪಟ್ಟಿಯನ್ನೂ ಬದಲಿಸಬೇಡಿ: 2010ರ ನಂತರದ ಮಾದರಿಗಳಿಗೆ ಸೆರಾಮಿಕ್ ಬಂದಿದ್ದು, ನಿಮ್ಮದರಂಥ ಅಲ್ಯೂಮಿನಿಯಂ ಮೂಲ ಪಟ್ಟಿಗೆ ಈಗ ಅದರದೇ ಬೆಲೆ ಇದೆ. ಪಾಲಿಶ್ ಬೇಡ, ಡಯಲ್, ಮುಳ್ಳು, ಬೆಜಲ್ ಕೇಳದೆ ಬದಲಿಸಬೇಡಿ ಎಂದು ರಸೀದಿಯ ಮೇಲೆಯೇ ಬರೆಸಿ. ಚೈನನ್ನು ಕೇಸಿಗೆ ಹಿಡಿದಿಡುವ ಸ್ಪ್ರಿಂಗ್ ಕಡ್ಡಿಗಳನ್ನು ಮಾತ್ರ ಹೊಸದಾಗಿಸಲು ಹೇಳಿ, ವಾಚು ಕೈಜಾರಿ ಬೀಳುವುದು ಅವು ಸವೆದಾಗಲೇ. ಇಷ್ಟು ವರ್ಷ ಯಾರ್ಡಿನಲ್ಲಿ ನಿಮ್ಮೊಂದಿಗೆ ದುಡಿದ ಗೀರುಗಳು ಹಾಗೇ ಇರುವ, ಒಳಗೆ ಮಾತ್ರ ಹೊಸದಾಗಿರುವ ವಾಚನ್ನು ಸರ್ವಿಸ್ ಕಾಗದದೊಂದಿಗೆ ಮಗನಿಗೆ ಕೊಡಿ. ಅವರು ಬಹಳ ವರ್ಷ ಕಟ್ಟಿಕೊಳ್ಳುತ್ತಾರೆ.

ಪ್ರಶ್ನೆ: ಚಿತ್ರದುರ್ಗದ ಗುಡ್ಡಗಳ ಮೇಲಿನ ಗಾಳಿಯಂತ್ರಗಳ ನಿರ್ವಹಣೆ ನನ್ನ ಕೆಲಸ. ಎರಡು ವರ್ಷದ ಹಿಂದೆ ಉಳಿತಾಯದ ಹಣದಲ್ಲಿ ಕೊಂಡ ಸ್ವಿಸ್ ಡೈವಿಂಗ್ ವಾಚು ಇದ್ದಕ್ಕಿದ್ದಂತೆ ದಿನಕ್ಕೆ ನಿಮಿಷಕ್ಕೂ ಹೆಚ್ಚು ಮುಂದೆ ಓಡುತ್ತಿದೆ. ಇದಕ್ಕೂ ಸರ್ವಿಸ್ ಬೇಕೇ?
— ಓದುಗ, ಚಿತ್ರದುರ್ಗ

ಉತ್ತರ: ಇದ್ದಕ್ಕಿದ್ದಂತೆ ಮುಂದೆ ಓಡುವ ವಾಚಿನಲ್ಲಿ ಮೊದಲು ಅನುಮಾನಿಸಬೇಕಾದದ್ದು ಅಯಸ್ಕಾಂತವನ್ನು. ಬ್ಯಾಲೆನ್ಸ್ ಚಕ್ರವನ್ನು ಓಲಾಡಿಸುವ ಕೂದಲೆಳೆಯಂಥ ಹೇರ್‌ಸ್ಪ್ರಿಂಗಿನ ಸುರುಳಿಗಳು ಕಾಂತತ್ವ ಪಡೆದು ಒಂದಕ್ಕೊಂದು ಅಂಟಿಕೊಂಡರೆ ಸ್ಪ್ರಿಂಗು ಗಿಡ್ಡವಾದಂತಾಗಿ ಓಲಾಟದ ವೇಗ ಹೆಚ್ಚುತ್ತದೆ. ವಾಚನ್ನು ಒಂದು ದಿಕ್ಸೂಚಿಯ ಹತ್ತಿರ ಹಿಡಿದು ನೋಡಿ, ಮುಳ್ಳು ಕದಲಿದರೆ ಅನುಮಾನ ಬಲವಾಗುತ್ತದೆ. ಕಾಂತತ್ವ ತೆಗೆಯುವ ಸಣ್ಣ ಯಂತ್ರ ಒಳ್ಳೆಯ ರಿಪೇರಿ ಅಂಗಡಿಗಳಲ್ಲಿರುತ್ತದೆ; ಮುಚ್ಚಳ ಬಿಚ್ಚದೆಯೇ ಕೆಲವೇ ಕ್ಷಣಗಳಲ್ಲಿ ಕೆಲಸ ಮುಗಿಯುತ್ತದೆ. ಅದಾದ ಮೇಲೂ ಸರಿಹೋಗದಿದ್ದರೆ ಮಾತ್ರ ಬಿಚ್ಚಿಸಬೇಕು. ಡೈವಿಂಗ್ ಮಾನದಂಡ ಕೇಳುವುದು ಮೀಟರಿಗೆ 4,800 ಆಂಪಿಯರಿನಷ್ಟು ಕಾಂತಕ್ಷೇತ್ರವನ್ನು ತಾಳುವ ಶಕ್ತಿ ಮಾತ್ರ. ಸ್ಪೀಕರ್ ಅಥವಾ ಮೊಬೈಲ್ ಕವರಿನ ಅಯಸ್ಕಾಂತಕ್ಕೆ ವಾಚು ತಾಗಿದರೆ ಆ ಮಿತಿ ಸುಲಭವಾಗಿ ದಾಟುತ್ತದೆ. ಜನರೇಟರಿನ ಬಳಿ ಕೆಲಸವಿರುವ ದಿನ ವಾಚನ್ನು ಕೆಳಗೇ ಬಿಟ್ಟು ಮೇಲೇರಿ. ಮುಂದೆ ಬೇರೆ ವಾಚು ಕೊಳ್ಳುವುದಾದರೆ 15,000 ಗಾಸ್ (ಕಾಂತಕ್ಷೇತ್ರದ ಇನ್ನೊಂದು ಅಳತೆ) ತಾಳುವ ಒಮೆಗಾದ ಮಾಸ್ಟರ್ ಕ್ರೋನೋಮೀಟರ್ ಮಾದರಿಗಳನ್ನು ನೋಡಿ.

ಪ್ರಶ್ನೆ: ವಾಚಿನ ಬೆಜಲ್ ತಿರುಗುತ್ತಲೇ ಇಲ್ಲ. ಎಣ್ಣೆ ಬಿಡಬಹುದೇ? ಹಾಕಿಕೊಳ್ಳದ ದಿನಗಳಲ್ಲಿ ಎಲ್ಲಿಡಬೇಕು?
— ಓದುಗರು, ಹರಿಹರ

ಉತ್ತರ: ಎಣ್ಣೆ ಬೇಡ, ಅದು ದೂಳನ್ನು ಇನ್ನಷ್ಟು ಹಿಡಿದಿಡುತ್ತದೆ. ಈಚೆಗೆ ಒತ್ತಡ ಪರೀಕ್ಷೆಯಾಗಿದ್ದರೆ ಕೀ ಪೂರ್ತಿ ಬಿಗಿದಿದೆಯೆಂದು ಖಾತ್ರಿ ಮಾಡಿಕೊಂಡು, ಉಗುರುಬೆಚ್ಚಗಿನ ನೀರಿನಲ್ಲಿ ಸ್ವಲ್ಪ ಹೊತ್ತು ನೆನೆಸಿ, ಮೆತ್ತನೆಯ ಹಲ್ಲುಜ್ಜುವ ಬ್ರಷ್ಷಿನಿಂದ ಅಂಚಿನ ಸುತ್ತ ತಿಕ್ಕಿ, ಎಡಕ್ಕೆ ಮಾತ್ರ ತಿರುಗಿಸಿ. ನೀರಿಗಿಳಿದು ಎಷ್ಟು ಹೊತ್ತಾಯಿತೆಂದು ತೋರಿಸುವ ಈ ಬೆಜಲ್ ಆಳದಲ್ಲಿ ಏನಾದರೂ ತಾಗಿ ಜರುಗಿದರೆ ಕಳೆದ ಸಮಯ ಹೆಚ್ಚಾಗಿಯೇ ಕಾಣಲಿ, ಮುಳುಗುಗಾರ ಬೇಗ ಮೇಲೆ ಬರಲಿ ಎಂದು ಅದನ್ನು ಒಂದೇ ದಿಕ್ಕಿಗೆ ತಿರುಗುವಂತೆ ಮಾಡಿರುತ್ತಾರೆ. ಪರೀಕ್ಷೆ ಆಗಿಲ್ಲದಿದ್ದರೆ ಒದ್ದೆ ಬ್ರಷ್ಷಿನಿಂದಷ್ಟೇ ತಿಕ್ಕಿ. ಇಡುವಾಗ ನುಸಿಗುಳಿಗೆ ಇರುವ ಬೀರುವಿನಲ್ಲಿ ಇಡಬೇಡಿ, ಅದರ ಆವಿ ರಬ್ಬರಿಗೆ ಹಾನಿ. ವಾಚು ನಿಲ್ಲದಂತೆ ಅದನ್ನು ತಿರುಗಿಸುತ್ತಿರುವ ಪೆಟ್ಟಿಗೆಯೂ ಬೇಕಾಗಿಲ್ಲ. ನಿಂತಿದ್ದ ವಾಚಿಗೆ ಕಟ್ಟಿಕೊಳ್ಳುವ ಮುನ್ನ ಇಪ್ಪತ್ತೈದು ಸುತ್ತು ಕೀ ಕೊಟ್ಟು, ಮತ್ತೆ ಒತ್ತಿ ಬಿಗಿದರಾಯಿತು.