ಏರಿನಲ್ಲಿ 45 ಡಿಗ್ರಿ ನಡೆಯಲ್ಲ

ನಮಸ್ಕಾರ. ಇಳಿಜಾರಿನ ಮೇಲೆ ಎಸೆದ ಚೆಂಡಿನ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ, ಎರಡನೇ ಸಲ ಪೆನ್ನು ಹಿಡಿದುಕೊಂಡು. ಈಗ ಇರುವ ಹಾಗೆ ಇದನ್ನು ಪ್ರಕಟಿಸಲು ಆಗುವುದಿಲ್ಲ. ಬೇಜಾರು ಮಾಡಿಕೊಳ್ಳಬೇಡಿ, ಕಾರಣ ಹೇಳುತ್ತೇನೆ.

ಮೊದಲ ಪುಟ ಪೂರ್ತಿ ಗೆಲಿಲಿಯೋ. ಎಸೆದ ವಸ್ತುವಿನ ದಾರಿ ಪರವಲಯ (ಪ್ಯಾರಾಬೋಲಾ ಎಂಬ ಬಾಗಿದ ಗೆರೆ) ಅಂತ ಅವನು 1638ರಲ್ಲಿ ಅಚ್ಚು ಹಾಕಿಸಿದ, ಸರಿ. ಒಂದು ಸಾಲು ಸಾಕು. ಅವನ ಬಾಲ್ಯ ಇಲ್ಲಿ ಯಾಕೆ?

ಈಗ ತಪ್ಪು. "ಅತಿ ಜಾಸ್ತಿ ದೂರ ಹೋಗಲು ಯಾವಾಗಲೂ 45 ಡಿಗ್ರಿಗೇ ಎಸೆಯಬೇಕು" ಎಂದು ಬರೆದಿದ್ದೀರಿ. ಅದು ಸಮತಟ್ಟು ನೆಲದ ಮಾತು. ನಿಮ್ಮದೇ ಅಂಕಿ ಹಿಡಿಯೋಣ: 30 ಡಿಗ್ರಿ ಏರು, ಸೆಕೆಂಡಿಗೆ 20 ಮೀಟರ್ ವೇಗ, ಗುರುತ್ವಕ್ಕೆ 10 (ಬೀಳುವಾಗ ಪ್ರತಿ ಸೆಕೆಂಡಿಗೂ ವೇಗ ಸೆಕೆಂಡಿಗೆ 10 ಮೀಟರಿನಷ್ಟು ಹೆಚ್ಚುತ್ತದೆ ಅಂತ). ಸಮನೆಲದಲ್ಲಿ 45ಕ್ಕೆ ಎಸೆದರೆ 40 ಮೀಟರ್ ಹೋಗುತ್ತದೆ, ಆದರೆ ಈ ಏರಿನಲ್ಲಿ ಅದೇ 45ಕ್ಕೆ ಸಿಗುವುದು ಬರೀ 19.5 ಮೀಟರ್. 60ಕ್ಕೆ ಎಸೆದು ನೋಡಿ, 26.7! ಏರಿಗೂ ನೆಟ್ಟಗೆ ಮೇಲೆ ಹೋಗುವ ಗೆರೆಗೂ ನಡುವೆ ಇರುವ ಕೋನವನ್ನು ಸರಿಯಾಗಿ ಎರಡು ಪಾಲು ಮಾಡಿದರೆ ಬರುವ ದಿಕ್ಕೇ ಅತ್ಯುತ್ತಮ. ಸಮನೆಲದ 45 ಹುಟ್ಟಿದ್ದೂ ಅಲ್ಲಿಂದಲೇ, 90ರ ಅರ್ಧ ತಾನೇ. ಇಳಿಜಾರಿನ ಕೆಳಗಡೆಗೆ ಎಸೆಯುವುದಾದರೆ ನೆಲಮಟ್ಟದಿಂದ 30 ಡಿಗ್ರಿ ಮೇಲಕ್ಕೆ ಎತ್ತಿದರೆ ಸಾಕು, 80 ಮೀಟರ್.

ಇನ್ನೊಂದು ಗೊಂದಲ. ಕೋನವನ್ನು ಒಂದು ಕಡೆ ನೆಲಮಟ್ಟದಿಂದ ಅಳೆದಿದ್ದೀರಿ, ಮುಂದಿನ ಪುಟದಲ್ಲಿ ಇಳಿಜಾರಿನಿಂದ. ಓದುಗರಿಗೆ ಒಂದು ಮಾತು ಹೇಳಬೇಕಲ್ವಾ? (ಹಾಗೆ ಅಳೆದರೂ ನಿಮ್ಮ 45 ಬಚಾವಾಗುವುದಿಲ್ಲ. ಇಳಿಜಾರಿನಿಂದ 45 ಅಂದರೆ ನೆಲಮಟ್ಟದಿಂದ 75, ಅದಕ್ಕೂ ಬರುವುದು 19.5 ಮೀಟರೇ.)

ನಿಮ್ಮ ಲೇಖನದ ಜೀವ ಇರಬೇಕಾದದ್ದು ಬೇರೆ ಕಡೆ, ಅದನ್ನು ನೀವು ಒಂದೇ ಸಾಲಿನಲ್ಲಿ, ಅದೂ ತಪ್ಪಾಗಿ, ದಾಟಿಬಿಟ್ಟಿದ್ದೀರಿ. "ಅರ್ಧ ಸಮಯಕ್ಕೆ ಚೆಂಡು ತುತ್ತತುದಿ ಮುಟ್ಟಿ ಇಳಿಯತೊಡಗುತ್ತದೆ" ಅಂತೀರಿ. ಇಲ್ಲ. 60 ಡಿಗ್ರಿಯ ಆ ಚೆಂಡನ್ನೇ ನೋಡಿ. ಅದು ಗಾಳಿಯಲ್ಲಿರುವುದು 2.31 ಸೆಕೆಂಡು. ಅರ್ಧಕ್ಕೆ, ಅಂದರೆ 1.15 ಸೆಕೆಂಡಿಗೆ, ಅದು ಇಳಿಜಾರಿನ ಮೈಯಿಂದ ಅತಿ ದೂರದಲ್ಲಿರುತ್ತದೆ, ಏರಿಗೆ ಸಮಾಂತರವಾಗಿ ಸಾಗುತ್ತಿರುತ್ತದೆ, ಏರು ಮೇಲಕ್ಕೆ ಹೋಗುವುದರಿಂದ ಚೆಂಡೂ ಇನ್ನೂ ಮೇಲಕ್ಕೇ ಹೋಗುತ್ತಿರುತ್ತದೆ! ತುತ್ತತುದಿ ಬರುವುದು 1.73ಕ್ಕೆ. ಹಾರಾಟದ ಮುಕ್ಕಾಲು ಭಾಗ ಏರುವುದರಲ್ಲೇ ಮುಗಿದಿರುತ್ತದೆ, ಇಳಿಯಲು ಶುರು ಮಾಡುವಷ್ಟರಲ್ಲಿ ನೆಲ ಎದುರಿಗೇ ಬಂದಿರುತ್ತದೆ. ಕೊನೆಗೆ ಬಡಿಯುವ ದಿಕ್ಕು, ಎಸೆದ ದಿಕ್ಕಿಗೆ ಸರಿಯಾಗಿ 90 ಡಿಗ್ರಿ. ನಾನಾಗಿದ್ದರೆ ಲೇಖನವನ್ನು ಇಲ್ಲಿಂದಲೇ ಶುರು ಮಾಡುತ್ತಿದ್ದೆ, ಸೂತ್ರಗಳು ಆಮೇಲೆ ಬರಲಿ.

ಅಕ್ಷಗಳನ್ನು ಇಳಿಜಾರಿನ ಜೊತೆಗೇ ಓರೆ ಮಾಡಿಕೊಂಡದ್ದು ಜಾಣತನ, ಅದನ್ನು ಬಿಡಬೇಡಿ. ಆದರೆ ಅಕ್ಷ ಓರೆಯಾದರೆ ಗುರುತ್ವ ಎರಡು ಪಾಲಾಗುತ್ತದೆ: ಇಳಿಜಾರಿನೊಳಕ್ಕೆ ಒತ್ತುವ 8.66, ಇಳಿಜಾರಿನುದ್ದಕ್ಕೆ ಹಿಂದಕ್ಕೆ ಎಳೆಯುವ 5. ಎರಡನೆಯದು ನಿಮ್ಮ ಲೆಕ್ಕದಲ್ಲಿ ಎಲ್ಲೂ ಇಲ್ಲ, ಹಾಗಾಗಿಯೇ 60 ಡಿಗ್ರಿಗೆ 40 ಮೀಟರ್ ಬಂದಿದೆ. ಏರಿನ ಮೇಲೂ ಸಮನೆಲದಷ್ಟೇ ದೂರವಾ ಅಂತ ನಿಮಗೇ ಅನುಮಾನ ಬರಬೇಕಿತ್ತು. ಆ ಎಳೆತ 13.3 ಮೀಟರ್ ತಿಂದುಹಾಕುತ್ತದೆ, ಕಳೆದು ನೋಡಿ.

ಗಾಳಿಯ ತಡೆ ಲೆಕ್ಕಕ್ಕಿಲ್ಲ ಅಂತ ಎಲ್ಲಾದರೂ ಒಂದು ಸಾಲು ಸೇರಿಸಿ. ಚಿತ್ರ ನೀವೇ ಬಿಡಿಸಿದ್ದಾ? ಚೆನ್ನಾಗಿದೆ, ಇಟ್ಟುಕೊಳ್ಳುತ್ತೇನೆ. ಆದರೆ ಅದರಲ್ಲಿ ಗುರುತ್ವದ ಬಾಣ ಇಳಿಜಾರಿಗೆ ಲಂಬವಾಗಿ ನಿಂತಿದೆ, ಅದನ್ನು ನೆಟ್ಟಗೆ ಕೆಳಕ್ಕೆ ತಿರುಗಿಸಿ. ಆ 40 ಮೀಟರ್ ಹುಟ್ಟಿದ್ದು ಅಲ್ಲಿಂದಲೇ ಅಂತ ನನ್ನ ಅನುಮಾನ.