ಇಂಗ್ಲಿಷಿನ ‘ಕಾಯ್’ ಪದದ ಅರ್ಥವೇನು, ಅದನ್ನು ಎಲ್ಲಿ ಬಳಸಬೇಕು?

ಸಿ-ಒ-ವೈ ಎಂದು ಬರೆಯುವ ಈ ಗುಣವಾಚಕಕ್ಕೆ ಹುಸಿನಾಚಿಕೆ ತೋರುವ, ಬಿಂಕದ ಎಂಬ ಅರ್ಥಗಳಿವೆ. ದಾವಣಗೆರೆ ಕಡೆಯ ಮದುವೆಮನೆಯಲ್ಲಿ ಗಂಡನ ಹೆಸರಿಟ್ಟು ಒಡಪು ಹೇಳೆಂದಾಗ, ಅದನ್ನು ಮೊದಲೇ ಬಾಯಿಪಾಠ ಮಾಡಿಟ್ಟುಕೊಂಡ ಮದುಮಗಳು ‘ನನಗೆ ಬರೋದಿಲ್ರೀ’ ಎಂದು ಸೆರಗಿನ ಮರೆಯಲ್ಲಿ ನಕ್ಕು ಇನ್ನಷ್ಟು ಒತ್ತಾಯವನ್ನು ಬಯಸುತ್ತಾಳಲ್ಲ, ಆ ನಡೆಗೆ ಈ ಪದ ಚೆನ್ನಾಗಿ ಒಪ್ಪುತ್ತದೆ. ನಿಜವಾಗಿ ನಾಚುವವರನ್ನು ‘ಶೈ’ ಎನ್ನಬೇಕು. ಅವರನ್ನು ‘ಕಾಯ್’ ಎಂದು ಕರೆಯುವುದು ಅನ್ಯಾಯ. ಲ್ಯಾಟಿನ್ ಮೂಲದಿಂದ ಫ್ರೆಂಚಿನ ಮೂಲಕ ಬಂದಾಗ ಇದಕ್ಕೆ ಶಾಂತ, ಸಂಕೋಚದ ಎಂಬ ಅರ್ಥವಿತ್ತು. ನಟನೆಯ ಛಾಯೆ ಆಮೇಲೆ ಸೇರಿತು.

ಪತ್ರಿಕೆಗಳಲ್ಲಿ ಇನ್ನೊಂದು ಬಳಕೆಯೂ ಕಾಣುತ್ತದೆ: ಚುನಾವಣೆಗೆ ನಿಲ್ಲುವಿರಾ ಎಂದರೆ ಹೌದೆನ್ನದೆ, ಇಲ್ಲವೆನ್ನದೆ ಮುಗುಳ್ನಗುವ ನಾಯಕರಂತೆ, ಬೇಕೆಂದೇ ವಿವರ ಬಿಟ್ಟುಕೊಡದಿರುವುದು. ಆಗ ಪದದ ನಂತರ ಸಾಮಾನ್ಯವಾಗಿ ‘ಅಬೌಟ್’ ಬರುತ್ತದೆ.